ಕರ್ಣನ ಪಾರ್ಟು ಮತ್ತು ನಾವು ಬರೆಯದ ನಾಟಕ

ಬೇಲೂರಿಗೆ ಬಂದವರು ಚೆನ್ನಕೇಶವನ ಗುಡಿ ನೋಡಿಕೊಂಡು ಹೋಗುತ್ತಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ, ಶಾಂತಲೆ ಕುಣಿದಳು, ಜಕಣಾಚಾರಿ ಕೆತ್ತಿದ ಅಂತ ಹೇಳುವವರು ಹೇಳುತ್ತಾರೆ. ಜಕಣಾಚಾರಿಯ ಹೆಸರು ಅಲ್ಲಿಯ ಶಾಸನಗಳಲ್ಲಿ ಇಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ವಿಗ್ರಹಗಳ ಕೆಳಗೆ ಹೆಸರು ಕೊರೆದಿಟ್ಟವರು ಇದ್ದಾರೆ. ಅವರ ಹೆಸರು ಜನರ ಬಾಯಲ್ಲಿ ಇಲ್ಲ. 1964ರಲ್ಲಿ ಬಣ್ಣದ ಸಿನಿಮಾ ಬಂದದ್ದೂ ಜಕಣಾಚಾರಿಯ ಮೇಲೆಯೇ. ಕೆಲಸ ಒಬ್ಬರದು, ಕತೆ ಇನ್ನೊಬ್ಬರದು. ಇದು ಕಲ್ಲಿನ ವಿಷಯಕ್ಕೆ ಮಾತ್ರ ಅಲ್ಲ, ನಾಟಕದ ವಿಷಯಕ್ಕೂ ನಿಜ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇವೆ.

ಬೇಲೂರು, ಹಳೇಬೀಡು, ಜಾವಗಲ್ಲು, ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕ ಕಟ್ಟುತ್ತಾರೆ. ಹೆಚ್ಚಾಗಿ 'ಕುರುಕ್ಷೇತ್ರ'. ಗುಬ್ಬಿ ಕಂಪನಿಯವರು ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ನಿಜವಾದ ಆನೆ ಕುದುರೆ ತಂದು ಆಡಿದ್ದರು. ಹಳ್ಳಿಯವರ ಹತ್ತಿರ ಆನೆ ಇಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಎರಡು ಮೂರು ತಿಂಗಳು ಕಲಿತು, ಬಾಡಿಗೆಗೆ ಸೀನರಿ, ಡ್ರೆಸ್ಸು ತಂದು ಆಡುತ್ತಾರೆ. ಪಾರ್ಟಿಗೆ ಇಷ್ಟು ಅಂತ ಅವರೇ ದುಡ್ಡು ಕೊಡಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಜಾಸ್ತಿ. ಬಾಗಿಲು ಕಾಯುವ ದ್ವಾರಪಾಲಕನಿಗೆ ಕಮ್ಮಿ.

ಈ ನಾಟಕ ಊರಿನಲ್ಲಿ ಮಾತ್ರ ನಡೆಯುವುದಿಲ್ಲ, ಹಟ್ಟಿಯಲ್ಲೂ ನಡೆಯುತ್ತದೆ. ಹಗಲೆಲ್ಲ ಕಾಫಿ ತೋಟದಲ್ಲಿ ಕೂಲಿ ಮಾಡಿ ಬಂದವನು ರಾತ್ರಿ ಒಂಬತ್ತಕ್ಕೆ ಮೈ ತೊಳೆದುಕೊಂಡು ಪ್ರಾಕ್ಟೀಸಿಗೆ ಕೂರುತ್ತಾನೆ. ಅವನ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲಿ ಇಳಿಸಿರುತ್ತಾರೆ. ಓದು ಬಾರದವನಿಗೆ ಐದನೇ ಕ್ಲಾಸಿನ ಮಗ ಓದಿ ಹೇಳುತ್ತಾನೆ, ಅಪ್ಪ ಬಾಯಿಪಾಠ ಮಾಡುತ್ತಾನೆ. ಕಂದ, ಮಟ್ಟು, ಉದ್ದುದ್ದ ಸಂಸ್ಕೃತದ ಸಮಾಸ, ಯಾವುದೂ ತಪ್ಪುವುದಿಲ್ಲ. ನಮ್ಮ ಮೇಷ್ಟ್ರುಗಳು ಇಸ್ಕೂಲಿನಲ್ಲಿ ಇದೇ ಜನಕ್ಕೆ 'ನಾಲಿಗೆ ಹೊರಳಲ್ಲ' ಅಂತ ಬೈದು ಕಳಿಸಿದ್ದರು!

ಈ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ನಾವು ನೋಡಿದ ಕರ್ಣನನ್ನು ಮರೆಯೋಕೆ ಆಗಲ್ಲ. ಕುಲ ಕೇಳಿ ಅವಮಾನ ಮಾಡುವ ಜಾಗದಲ್ಲಿ ಅವನು ಹಾಡು ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟ. ಹಾರ್ಮೋನಿಯಂ ಒಂದೇ ಕೂಗುತ್ತಿತ್ತು. ಮುಂದೆ ಕೂತಿದ್ದ ಮುದುಕಿಯರು ಸೆರಗಲ್ಲಿ ಕಣ್ಣೊರೆಸಿಕೊಂಡರು. ಊರಿನ ಜಮೀನ್ದಾರರೂ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು, ಅವರಿಗೂ ಮನಸ್ಸು ಕರಗಿತು. ಕರ್ಣನ ಎದೆಗೆ ಚುಚ್ಚಲು ನೂರರ ನೋಟು ತೆಗೆದರು. ತೆಗೆದು, ಹಾರ್ಮೋನಿಯಂ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಪಿನ್ನು ಹಾಕಿ ಚುಚ್ಚಿದರು. ನೋಟಿಗೂ ಎದೆಗೂ ನಡುವೆ ಇಷ್ಟು ದೂರ ಇದೆ. ಬೆಳಿಗ್ಗೆ ಬಣ್ಣ ಪೂರ್ತಿ ಹೋಗದ ಮುಖದಲ್ಲೇ ಕರ್ಣ ಅವರ ತೋಟಕ್ಕೆ ಕೆಲಸಕ್ಕೆ ಹೋದ.

ನಾವು ಬಂಡಾಯದವರು ಇದನ್ನು ನೋಡಿ ಮೊದಮೊದಲು ಏನಂದೆವು? 'ಪುರಾಣ ಬಿಡ್ರಪ್ಪ, ಇದು ಬ್ರಾಹ್ಮಣ್ಯದ ಹುನ್ನಾರ' ಅಂದೆವು. ಆ ಮಾತು ಸುಳ್ಳಲ್ಲ. ಕರ್ಣನ ಕತೆಯನ್ನೇ ನೋಡಿ. ಹುಟ್ಟು ಕೇಳಿ ಅವಮಾನ ಮಾಡಿದಾಗ ದುರ್ಯೋಧನ ಅಂಗರಾಜ್ಯ ಕೊಡುತ್ತಾನೆ. ಕೊಟ್ಟ ಮೇಲೆ ಕರ್ಣ ಜೀವಮಾನ ಪೂರ್ತಿ ಆ ಅನ್ನದ ಋಣ ತೀರಿಸಬೇಕು, ಕಡೆಗೆ ಒಡೆಯನ ಯುದ್ಧದಲ್ಲಿ ಸಾಯಬೇಕು. ಕಿರೀಟ ಇದೆ ಅನ್ನೋದು ಬಿಟ್ಟರೆ ಇದು ಜೀತದ ಕತೆಯೇ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು. ಆದರೆ 'ಉಂಡ ಮನೆಗೆ ಎರಡು ಬಗೆಯಬೇಡ' ಅನ್ನುವ ಕಾನೂನು ಹಟ್ಟಿಯ ಎದೆಯಲ್ಲಿ ಹಾಗೇ ಉಳಿಯಿತು. ಅದನ್ನು ವರ್ಷವರ್ಷವೂ ಹಾಡಿ ಕಲಿಸುವುದು ಈ ನಾಟಕವೇ.

ಇಷ್ಟು ಹೇಳಿ ನಾವು ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತೆ. ಹಟ್ಟಿಯವರು ಅದನ್ನು ಯಾಕೆ ಇಷ್ಟಪಡುತ್ತಾರೆ ಅಂತ ನಾವು ಕೇಳಲಿಲ್ಲ. ವರ್ಷ ಪೂರ್ತಿ 'ಹ್ಞೂಂ ಬುದ್ಧಿ' ಅನ್ನುವ ಬಾಯಿಗೆ ಅದೊಂದು ರಾತ್ರಿ ಗಂಟೆಗಟ್ಟಲೆ ಗಟ್ಟಿಯಾಗಿ ಮಾತಾಡಲು ಸಿಗುತ್ತದೆ. ಊರಿನವರು ಕೂತು ಕೇಳುತ್ತಾರೆ, ಇವನು ನಿಂತು ಮಾತಾಡುತ್ತಾನೆ. ಮಾತು ಬೇರೆಯವರದು, ಆದರೆ ದನಿ ಇವನದು. ಆ ದನಿಗೋಸ್ಕರ ಕೂಲಿ ದುಡ್ಡು ಸುರಿಯುತ್ತಾನೆ.

ಅದಕ್ಕೆ ಬದಲು ನಾವು ಏನು ಕೊಟ್ಟೆವು? 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಮರುವರ್ಷ 'ಸಮುದಾಯ'ದವರು ಸಿ.ಜಿ. ಕೃಷ್ಣಸ್ವಾಮಿಯವರ 'ಬೆಲ್ಚಿ'ಯನ್ನು ಬೀದಿಗೆ ತಂದರು. ಪರದೆ ಇಲ್ಲ, ಬಣ್ಣ ಇಲ್ಲ, ಟಿಕೆಟ್ಟು ಇಲ್ಲ. ಬಸ್‌ಸ್ಟ್ಯಾಂಡೇ ರಂಗಸ್ಥಳ. ಕನ್ನಡದಲ್ಲಿ ಅದೊಂದು ದೊಡ್ಡ ಕೆಲಸ. ಅದನ್ನು ನೋಡಿ ಹುಡುಗರು ಹಳ್ಳಿಹಳ್ಳಿಗೆ ಹೋದರು. ಬೆಲ್ಚಿ ಎಲ್ಲೋ ಬಿಹಾರದಲ್ಲಿ ಅಂದುಕೊಂಡಿದ್ದವರಿಗೆ 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟಾಗ ಗೊತ್ತಾಯಿತು, ಆ ನಾಟಕ ಇನ್ನೂ ಮುಗಿದಿಲ್ಲ ಅಂತ.

ಆದರೆ 'ಬೆಲ್ಚಿ' ನೋಡಿ ನಾವು ಬರೆದ ನೂರಾರು ಬೀದಿ ನಾಟಕಗಳ ಬಗ್ಗೆ ಈಗಲಾದರೂ ನಿಜ ಮಾತಾಡಬೇಕು. ಅವುಗಳಲ್ಲಿ ಜಮೀನ್ದಾರನಿಗೆ ಒಳ್ಳೊಳ್ಳೆ ಡೈಲಾಗು. ಮೀಸೆ ತಿರುವುತ್ತಾನೆ, ನಗಿಸುತ್ತಾನೆ. ದಲಿತನಿಗೆ ಏನಿದೆ? ಒದೆ ತಿನ್ನುವುದು, ಅಳುವುದು, ಕೊನೆಗೆ ಮುಷ್ಟಿ ಎತ್ತಿ ಘೋಷಣೆ ಕೂಗುವುದು. ಕರ್ಣನಿಗೆ ಐವತ್ತು ಪುಟ ಬಾಯಿಪಾಠ ಮಾಡುವವನಿಗೆ ನಾವು ಕೊಟ್ಟದ್ದು ನಾಲ್ಕು ಸಾಲು. ಹಟ್ಟಿಯವರು ನೋಡಿದರು, ಚಪ್ಪಾಳೆ ತಟ್ಟಿದರು, ಮತ್ತೆ 'ಕುರುಕ್ಷೇತ್ರ'ಕ್ಕೆ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿದರು. ತಪ್ಪು ಅವರದಲ್ಲ.

ಹಿರಿಯರು ಬರೆದಿಲ್ಲವೇ ಅಂತ ಕೇಳಬಹುದು. ಬರೆದಿದ್ದಾರೆ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದು ಶಂಬೂಕನ ತಲೆ ಉಳಿಸಿದರು. ಮಾಸ್ತಿಯವರು ಆಕ್ಷೇಪ ಎತ್ತಿದರು. ಅದಕ್ಕೂ ಮೊದಲು, 1928ರಲ್ಲೇ, 'ಜಲಗಾರ' ಬರೆದರು. ಗುಡಿಗೆ ಹೋಗಲಾಗದ ಬೀದಿ ಗುಡಿಸುವವನ ಹತ್ತಿರ ಶಿವನೇ ಜಲಗಾರನಾಗಿ ಬರುತ್ತಾನೆ. ಆ ಕಾಲಕ್ಕೆ ಅದು ಬೆಂಕಿಯಂಥ ಕಲ್ಪನೆ. ಆದರೆ ಇವತ್ತು ಪೌರಕಾರ್ಮಿಕರ ಮಕ್ಕಳ ಜೊತೆ ಕೂತು ಅದನ್ನು ಓದಿದರೆ ಒಂದು ಪ್ರಶ್ನೆ ಏಳುತ್ತದೆ: ಶಿವ ಬಂದು ಪೊರಕೆಯನ್ನು ಪವಿತ್ರ ಮಾಡಿದ ಸರಿ, ಪೊರಕೆಯನ್ನು ಕೈಯಿಂದ ಬಿಡಿಸಿದನೇ? ಬಿ. ಬಸವಲಿಂಗಪ್ಪನವರು ಅರಸು ಸರ್ಕಾರದಲ್ಲಿ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಹೊರಟಾಗ ಕೇಳಿದ್ದು ಅದೇ ಪ್ರಶ್ನೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ಸಾಯುವವರು ಸಾಯುತ್ತಲೇ ಇದ್ದಾರೆ. ಇನ್ನು ಕುವೆಂಪು ಅವರ ಸರಳ ರಗಳೆ ಹಟ್ಟಿಗೆ ಕಷ್ಟ ಅಂತ ಯಾರಾದರೂ ಅಂದರೆ ನಾವು ಒಪ್ಪುವುದಿಲ್ಲ. ಕರ್ಣನ ಕಂದ ಹೇಳುವ ಬಾಯಿಗೆ ರಗಳೆ ಯಾವ ಲೆಕ್ಕ?

ನಮಗೆ ದಾರಿ ಕಂಡದ್ದು ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ. ಅದನ್ನು ಕಟ್ಟಿದವರೂ ಸಿ.ಜಿ.ಕೆ.ಯವರೇ, ಸಾಕವ್ವನಾಗಿ ಉಮಾಶ್ರೀ. ಕಳೆದುಹೋದ ಒಂದು ಹುಂಜ, ಒಂದು ರಾತ್ರಿ ಮನೆಮಂದಿಯೆಲ್ಲ ಕೂತು ತಿನ್ನುವ ಕಡಲೆಕಾಯಿ, ಗೋಡೆಯ ಮೇಲೆ ಬರೆದ ನವಿಲು, ಆಮೇಲೆ ಪೊಲೀಸರು. ಅಷ್ಟೇ. ಘೋಷಣೆ ಒಂದೂ ಇಲ್ಲ. ಆದರೆ ಸಾಕವ್ವ ಬಾಯಿ ತೆಗೆದರೆ ನಿಲ್ಲಿಸುವವರಿಲ್ಲ. ಬೈತಾಳೆ, ನಗ್ತಾಳೆ, ಯಮನ ಜೊತೆಗೂ ಜಗಳಕ್ಕೆ ನಿಲ್ತಾಳೆ. ನಮ್ಮ ಹಟ್ಟಿಯ ನಾಟಕದಲ್ಲಿ ದ್ರೌಪದಿ ಪಾರ್ಟಿಗೆ ಪೇಟೆಯಿಂದ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಹಟ್ಟಿಯ ಹೆಂಗಸರು ಚಾಪೆ ಹಾಸಿಕೊಂಡು ನೋಡುವವರು ಮಾತ್ರ. ಆ ಚಾಪೆಯ ಮೇಲೆ ಎಷ್ಟು ಸಾಕವ್ವಗಳು ಕೂತಿದ್ದಾರೆ ಅಂತ ನಾವು ಎಣಿಸಲೇ ಇಲ್ಲ.

ಇದು ನಮ್ಮ ಬರೆಯುವ ಅಭ್ಯಾಸದ ಪ್ರಶ್ನೆಯೂ ಹೌದು. ನಾಳೆ ತಾಲ್ಲೂಕು ಆಫೀಸಿನ ಮುಂದೆ ಧರಣಿ ಅಂದರೆ ಇವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಕರಪತ್ರದ ಹಿಂಭಾಗದಲ್ಲಿ ನಾಟಕ ಗೀಚುವುದು, ಬಸ್ಸಿನಲ್ಲಿ ಪಾತ್ರ ಹಂಚುವುದು. ಇದಕ್ಕೆ ಕಾರಣ ಸೋಮಾರಿತನ ಅಲ್ಲ. ಮೇಜು, ಪುರುಸೊತ್ತು, ಕರೆಂಟು ಇದ್ದವರ ಬರವಣಿಗೆ ಬೇರೆ, ಪಾಠ ಮುಗಿಸಿ, ಮೀಟಿಂಗು ಮುಗಿಸಿ, ಮನೆಯ ಸಾಲ ನೆನೆದುಕೊಂಡು ಬರೆಯುವವರ ಬರವಣಿಗೆ ಬೇರೆ. ಆದರೆ ನಮಗಿಂತ ಪುರುಸೊತ್ತು ಕಮ್ಮಿ ಇರುವ ಕೂಲಿಯವನು ಕರ್ಣನಿಗೆ ಮೂರು ತಿಂಗಳ ನಿದ್ದೆ ಕೊಡುತ್ತಾನಲ್ಲ! ಅವನು ಪರರ ಮಾತಿಗೆ ಕೊಡುವ ಶ್ರದ್ಧೆಯನ್ನು ನಾವು ಅವನ ಮಾತಿಗೆ ಕೊಡಲಿಲ್ಲ. ನಮ್ಮ ಆತ್ಮವಿಮರ್ಶೆ ಇಲ್ಲಿಂದ ಶುರುವಾಗಬೇಕು.

ಏನು ಬರೆಯಬೇಕು ಅಂತ ಕೇಳುವವರಿಗೆ ಬೇಲೂರಿನ ಗುಡಿಯಲ್ಲೇ ಒಂದು ಕತೆ ಬಿದ್ದಿದೆ. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲು ಮಾಡಿದ್ದಾರೆ. ಚೆನ್ನಿಗರಾಯನ ಹೆಂಡತಿ ಬಾಬಾಬುಡನ್ ಗಿರಿಯಲ್ಲೇ ಉಳಿದುಬಿಟ್ಟಳಂತೆ. ಅವಳನ್ನು ನೋಡಲು ದೇವರು ಆಗಾಗ ಬೆಟ್ಟ ಹತ್ತುತ್ತಾನೆ. ಅದಕ್ಕೆಂದು ಗುಡಿಯಲ್ಲಿ ಒಂದು ಜೊತೆ ದೊಡ್ಡ ಕೆರ ಇಟ್ಟಿರುತ್ತಾರೆ. ಅದು ಸವೆದರೆ ಚನ್ನಗಿರಿ, ಬಸವಾಪಟ್ಟಣದ ಕೆರ ಹೊಲಿಯುವವರ ಕನಸಿನಲ್ಲಿ ಸುದ್ದಿ ತಿಳಿಯುತ್ತದೆ. ಅವರು ಹೊಸ ಜೋಡು ಹೊಲಿದು ಹೊತ್ತು ತರುತ್ತಾರೆ. ಅದನ್ನು ಒಪ್ಪಿಸಲು ಅವರಿಗೆ ಗುಡಿಯ ಅಂಗಳದ ತನಕ ಬಿಡುತ್ತಿದ್ದರು.

ದೇವರು ಪೂಜಾರಿಯ ಕನಸಿಗೆ ಹೋಗಲಿಲ್ಲ, ಪಟೇಲನ ಕನಸಿಗೆ ಹೋಗಲಿಲ್ಲ. ಕಾಲು ನೊಂದಾಗ ನೆನಪಾದವನು ಮಾದಿಗ. ಅವನು ಹೊಲಿದ ಜೋಡು ಒಳಗೆ ಹೋಯಿತು, ಅವನು ಅಂಗಳದಲ್ಲಿ ನಿಂತ. ಅವನು ಅವತ್ತು ಅಲ್ಲಿ ನಿಂತು ಏನು ಅಂದುಕೊಂಡ? ಹೆಂಡತಿಗೆ ಮನೆಗೆ ಹೋಗಿ ಏನು ಹೇಳಿದ? ಆ ಮಾತನ್ನು ಯಾರೂ ಬರೆದಿಲ್ಲ. ಇದು ಹಳೇ ಕತೆ, ಈಗ ಯಾಕೆ ಅನ್ನುವವರು 2015ಕ್ಕೆ ಬರಲಿ. ನಮ್ಮದೇ ಹಾಸನ ಜಿಲ್ಲೆಯ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಗುಡಿಯೊಳಗೆ ಹೋದದ್ದಕ್ಕೆ ದಂಡ ಹಾಕಿದರು. ಅಂಗಳದ ಗೆರೆ ಅಳಿಸಿಲ್ಲ.

ಆ ಕೆರ ಹೊಲಿದವನಿಗೆ ಐವತ್ತು ಪುಟದ ಪಾರ್ಟು ಬರೆಯೋಣ. ಕಂದ, ಮಟ್ಟು ಬೇಕಾದರೆ ಅದೂ ಇರಲಿ, ಹಾರ್ಮೋನಿಯಮ್ಮೂ ಇರಲಿ. ಬರೆದು ಪತ್ರಿಕೆಗೆ ಕಳಿಸುವ ಮೊದಲು ಹಟ್ಟಿಯ ಜಗಲಿಯ ಮೇಲೆ ಓದೋಣ. 'ಹಿಂಗೆ ಯಾರ್ ಮಾತಾಡ್ತಾರೆ ಕಣ್ಲಾ' ಅಂತ ಮುದುಕಿಯರು ನಕ್ಕರೆ ಹರಿದುಹಾಕಿ ಮತ್ತೆ ಬರೆಯೋಣ. ಮೂರು ತಿಂಗಳು ಪ್ರಾಕ್ಟೀಸು ಮಾಡೋಣ. ನಾವು ಕಂಡ ಆ ಕರ್ಣ ಇನ್ನೂ ಇದ್ದಾನೆ, ದನಿಯೂ ಗಟ್ಟಿಯಾಗೇ ಇದೆ. ಸುಗ್ಗಿಗೆ ಮುಂಚೆ ಅವನ ಕೈಗೆ ಹೊಸ ನೋಟ್‌ಬುಕ್ಕು ಕೊಡಬೇಕು.