ವೇದಿಕೆಯ ಮೇಲೆ ಸುಮ್ಮನೆ ನಿಂತವರು

ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು ಬಡಿಸಿ ಮಾಯವಾಗುವವರೊಬ್ಬರು ಇರುತ್ತಾರಲ್ಲ, ಪಾಶ್ಚಾತ್ಯ ಬ್ಯಾಂಡುಗಳಲ್ಲೂ ಅಂಥವರಿದ್ದಾರೆ. ಹಾಡು ಅವರದಲ್ಲ, ತಾಳ ಅವರದಲ್ಲ, ಆದರೂ ವೇದಿಕೆಯ ಮೇಲೆ ನಿಂತಿರುತ್ತಾರೆ. ಲೋಕ ಅವರನ್ನು ತೂಗುವ ತಕ್ಕಡಿಯ ಬಗ್ಗೆ ನನಗೊಂದು ತಕರಾರಿದೆ.

ಮ್ಯಾಂಚೆಸ್ಟರ್ ಸೀಮೆಯ 'ಹ್ಯಾಪಿ ಮಂಡೇಸ್' ತಂಡದ ಬೆಜ್‌ನನ್ನೇ ನೋಡಿ. 1980ರ ದಶಕದಿಂದ ವೇದಿಕೆಯ ಮೇಲೆ ಆತನ ಮುಖ್ಯ ಕೆಲಸ ಮರಾಕಾಸ್ ಎಂಬ ಗಿಲಕಿ ಅಲ್ಲಾಡಿಸುತ್ತ ಕುಣಿಯುವುದು. ಜನರಿಗೆ ಅವನೆಂದರೆ ಮುದ್ದು. 2005ರಲ್ಲಿ ಬ್ರಿಟನ್ನಿನ ಟಿವಿಯ 'ಸೆಲೆಬ್ರಿಟಿ ಬಿಗ್ ಬ್ರದರ್' ಸ್ಪರ್ಧೆಯಲ್ಲಿ ವೋಟು ಹಾಕಿ ಗೆಲ್ಲಿಸಿದರು.

ಇನ್ನು ಲಿಂಡಾ ಮೆಕಾರ್ಟ್ನಿ. ಬೀಟಲ್ಸ್ ಒಡೆದ ಮೇಲೆ ಪಾಲ್ ಮೆಕಾರ್ಟ್ನಿ 1971ರಲ್ಲಿ 'ವಿಂಗ್ಸ್' ತಂಡ ಕಟ್ಟಿದಾಗ ಹೆಂಡತಿಯನ್ನೂ ಕೀಬೋರ್ಡಿಗೆ ಸೇರಿಸಿಕೊಂಡ. ಆಕೆ ಹೆಸರಾದ ಛಾಯಾಗ್ರಾಹಕಿ. ಕೀಬೋರ್ಡಿನ ಮೊದಲ ಪಾಠ ಕಲಿತದ್ದೇ ಗಂಡನಿಂದ. ಬೆರಳು ತಡವರಿಸುತ್ತಿತ್ತು, ದನಿ ಒಮ್ಮೊಮ್ಮೆ ಶ್ರುತಿ ಬಿಡುತ್ತಿತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪತ್ರಿಕೆಗಳು ಆಡಿಕೊಂಡ ಪರಿ! 1990ರ ನೆಬ್‌ವರ್ತ್ ಕಚೇರಿಯದೆಂದು ಹೇಳಿ, ಆಕೆಯ ಮೈಕಿನ ದನಿಯನ್ನಷ್ಟೇ ಬೇರ್ಪಡಿಸಿದ ಟೇಪೊಂದು ಕೈಯಿಂದ ಕೈಗೆ ಹರಿದಾಡಿತು, ನಗುವುದಕ್ಕೆಂದೇ.

ಬೆಜ್ ನುಡಿಸುತ್ತೇನೆಂದು ಹೇಳಿಕೊಂಡವನಲ್ಲ, ಕೀಬೋರ್ಡಿನ ಮುಂದೆ ನಿಂತವಳು ನುಡಿಸಬೇಡವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ 1973ರಲ್ಲಿ ವಿಂಗ್ಸ್ ಧ್ವನಿಮುದ್ರಣಕ್ಕೆಂದು ನೈಜೀರಿಯಾದ ಲಾಗೋಸ್‌ಗೆ ಹೊರಡುವ ಹೊತ್ತಿಗೆ, ನುರಿತ ಗಿಟಾರ್ ವಾದಕನೂ ಡ್ರಮ್ ವಾದಕನೂ ಕೈಕೊಟ್ಟರು. ಹೋದವರು ಮೂವರೇ: ಪಾಲ್, ಡೆನ್ನಿ ಲೇನ್, ಲಿಂಡಾ. ಅಲ್ಲಿ ಹುಟ್ಟಿದ 'ಬ್ಯಾಂಡ್ ಆನ್ ದಿ ರನ್' ಆ ತಂಡದ ಅತ್ಯಂತ ಮೆಚ್ಚುಗೆ ಪಡೆದ ಆಲ್ಬಮ್. ಅದನ್ನು ಕಿವಿಗೊಟ್ಟು ಕೇಳಿದ್ದೇನೆ. ಮೂರು ದನಿಗಳು ಕೂಡುವಲ್ಲಿ ಆಕೆಯ ಒರಟು ಎಳೆಯೊಂದು ಇದೆ. ಅದನ್ನು ತೆಗೆದರೆ ಹಾಡು ಸಪ್ಪೆ. ಜೊತೆದನಿಯನ್ನು ಒಂಟಿಯಾಗಿಸಿ ಕೇಳುವುದೆಂದರೆ ಸಾರಿಗೆ ಹಾಕಿದ ಹುಣಸೆಯನ್ನು ಬೇರೆ ತೆಗೆದು ನೆಕ್ಕಿ ಮುಖ ಹಿಂಡಿದಂತೆ.

1998ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ಆಕೆಗೆ 56 ವರ್ಷ. ಅಷ್ಟೂ ಕಾಲ ಆಕೆಯನ್ನು ಹಿಂಬಾಲಿಸಿದ ಪ್ರಶ್ನೆ ಒಂದೇ: ಗಂಡ ಇಲ್ಲದಿದ್ದರೆ ಇವಳಿಗೆ ಅಲ್ಲೇನು ಕೆಲಸ? ಗಿಲಕಿ ಹಿಡಿದ ಗಂಡಸಿಗೆ ಗೆಳೆಯರ ಬಲದಿಂದ ಸಿಕ್ಕ ಜಾಗವನ್ನು ಯಾರೂ ಅಷ್ಟು ಕಟುವಾಗಿ ಪ್ರಶ್ನಿಸಲಿಲ್ಲ. ತಪ್ಪಿದ ಸ್ವರವನ್ನು ತಪ್ಪು ಎನ್ನೋಣ. ತಕ್ಕಡಿ ಮಾತ್ರ ಇಬ್ಬರಿಗೂ ಒಂದೇ ಇರಲಿ.