ಎರಡು ವಾಲ್ವಿನ ಪರವಾಗಿ

ಬರ್ಮಿಂಗ್‌ಹ್ಯಾಮ್‌ನ ಹೊರವಲಯದ ಒಂದು ಗ್ಯಾರೇಜಿನಲ್ಲಿ ಹಳದಿ ಬಣ್ಣದ ಡುಕಾಟಿ 748 ನಿಂತಿತ್ತು. ಹೊದಿಸಿದ್ದ ಹಳೆಯ ದುಪ್ಪಟಿಯನ್ನು ಒಡೆಯ ಎಳೆದ ಕೂಡಲೇ ನಾನು ಮನೆಯಲ್ಲಿ ಹಾಕಿಕೊಂಡು ಬಂದಿದ್ದ ಲೆಕ್ಕವೆಲ್ಲ ಮರೆತುಹೋಯಿತು. ಇಪ್ಪತ್ತು ವರ್ಷ ದಾಟಿದ ಗಾಡಿ, ಓಡಿದ್ದು ಒಂಬತ್ತು ಸಾವಿರ ಮೈಲಿ. ಆತ ಅದನ್ನು ಹೆಮ್ಮೆಯಿಂದ ಎರಡು ಸಲ ಹೇಳಿದ. ಬೆಲ್ಟು ಬದಲಾಯಿಸಿದ್ದು ಯಾವಾಗ ಎಂದು ಕೇಳಿದೆ. ಆರು ವರ್ಷವಾಯಿತು, ಆದರೆ ಆಮೇಲೆ ಮುನ್ನೂರು ಮೈಲಿಯೂ ಓಡಿಸಿಲ್ಲ, ಹೊಸದರಂತೆಯೇ ಇದೆ ಎಂದ. ಸ್ಟಾರ್ಟ್ ಮಾಡಿ ತೋರಿಸುತ್ತೇನೆ ಎಂದು ಕೀಲಿಗೆ ಕೈ ಹಾಕಿದಾಗ ಬೇಡ ಎಂದೆ. ಆರು ವರ್ಷದ ರಬ್ಬರನ್ನು ನಂಬಿ ಆ ಇಂಜಿನ್ ತಿರುಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ನನ್ನ ಬಳಿ ಇದ್ದದ್ದು ಮೂರೂವರೆ ಸಾವಿರ ಪೌಂಡು. ಹೊಸ ಇಟಾಲಿಯನ್ ಸ್ಪೋರ್ಟ್ ಬೈಕಿನ ಹತ್ತಿರಕ್ಕೂ ಸುಳಿಯದ ಮೊತ್ತ. ಆ ದುಡ್ಡಿಗೆ ಸಿಗುವುದು ತೊಂಬತ್ತರ ದಶಕದ ಮತ್ತು ಎರಡು ಸಾವಿರದ ಆಸುಪಾಸಿನ ಗಾಡಿಗಳು. ಅವುಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಇಲ್ಲಿ ಬಹುತೇಕರು ಕೊಡುವ ಉತ್ತರ ಒಂದೇ: 916 ಕೈಗೆಟುಕದಿದ್ದರೆ ಅದರ ತಮ್ಮ 748 ತೆಗೆದುಕೋ. ನೋಡಲು ಎರಡೂ ಒಂದೇ, ಬೆಲೆ ಕಡಿಮೆ. ಈ ಸಲಹೆ ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಹೇಳುವ ಮೊದಲು 916ಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ.

1994ರಲ್ಲಿ ಬಂದ 916ನ್ನು ಸ್ಯಾನ್ ಮರಿನೊದ ಕಜೀವಾ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವನು ಮಸ್ಸಿಮೊ ತಂಬುರಿನಿ. ಹಿಂದಿನ ಚಕ್ರವನ್ನು ಒಂದೇ ತೋಳು ಹಿಡಿದಿದೆ. ಎರಡು ಸೈಲೆನ್ಸರುಗಳು ಸೀಟಿನ ಕೆಳಗೆ ಅಡಗಿವೆ. ಮುಂದೆ ಕಿರಿದಾದ ಎರಡು ಕಣ್ಣು. ಅಲಂಕಾರಕ್ಕೆಂದು ಹಚ್ಚಿದ ಗೆರೆ ಒಂದೂ ಇಲ್ಲ; ಗಾಳಿ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ, ಸವಾರ ಬಾಗಿ ಕೂರುವ ಬಗೆ, ಇವೇ ಸೇರಿ ಆಕಾರವಾಗಿವೆ. ಆ ವರ್ಷವೇ ಕಾರ್ಲ್ ಫೋಗರ್ಟಿ ಅದರ ಮೇಲೆ ಕೂತು ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದ. ಮೋಟಾರು ಸೈಕಲ್ಲಿನ ರೂಪ ಎಂಬ ಕಲೆಯಲ್ಲಿ ನನಗೆ ಇದಕ್ಕಿಂತ ಮೇಲಿನದು ಗೊತ್ತಿಲ್ಲ. 1995ರಲ್ಲಿ ಬಂದ 748 ಅದೇ ಮೈ, ಚಿಕ್ಕ ಇಂಜಿನ್.

ಆ ಇಂಜಿನ್ನಿನ ಒಳಗಿನ ಲೆಕ್ಕ ಮಾತ್ರ ಬೇರೆ. ಸಾಮಾನ್ಯ ಇಂಜಿನ್ನಿನಲ್ಲಿ ವಾಲ್ವನ್ನು ಕ್ಯಾಮ್ ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡುಕಾಟಿಯ ಡೆಸ್ಮೊ ಪದ್ಧತಿಯಲ್ಲಿ ತೆರೆಯಲು ಒಂದು ರಾಕರ್, ಮುಚ್ಚಲು ಇನ್ನೊಂದು. ಫಾಬಿಯೊ ತಾಲ್ಯೋನಿ 1956ರಲ್ಲಿ 125 ಸಿಸಿಯ ರೇಸ್ ಬೈಕಿಗೆ ಇದನ್ನು ಅಳವಡಿಸಿದಾಗ ಅದಕ್ಕೆ ಬಲವಾದ ಕಾರಣವಿತ್ತು: ಆ ಕಾಲದ ಸ್ಪ್ರಿಂಗುಗಳು ಮಿತಿಮೀರಿದ ವೇಗದಲ್ಲಿ ಕ್ಯಾಮಿನ ಜೊತೆ ಹೆಜ್ಜೆ ಹಾಕಲಾರದೆ ಹಿಂದುಳಿಯುತ್ತಿದ್ದವು, ಒಡೆಯುತ್ತಲೂ ಇದ್ದವು. ಸ್ವೀಡನ್ನಿನ ಹೆಡೆಮೊರಾದಲ್ಲಿ ಆ ಬೈಕು ಮೊದಲ ಸ್ಪರ್ಧೆಯಲ್ಲೇ ಗೆದ್ದಿತು. ಮುಂದೆ ಸ್ಪ್ರಿಂಗಿನ ಉಕ್ಕು ಸುಧಾರಿಸಿತು, ಡೆಸ್ಮೊ ಮಾತ್ರ ಮನೆತನದ ಗುರುತಾಗಿ ಉಳಿಯಿತು. 2021ರ ಮಲ್ಟಿಸ್ಟ್ರಾಡಾ ವಿ4ಗೆ ಡುಕಾಟಿಯೇ ಸ್ಪ್ರಿಂಗ್ ಹಾಕಿತು. ವಾಲ್ವ್ ತಪಾಸಣೆಯ ಅಂತರ ಅದರಿಂದ 60,000 ಕಿಲೋಮೀಟರಿಗೆ ಏರಿತು.

ನಮ್ಮ ಕೈಗೆಟುಕುವ ಹಳೆಯ ಡುಕಾಟಿಗಳಲ್ಲಿ ಆ ಅಂತರ ಸುಮಾರು 10,000 ಕಿಲೋಮೀಟರು. 748ರ ಎರಡು ಸಿಲಿಂಡರಿಗೆ ಎಂಟು ವಾಲ್ವು. ಒಂದೊಂದಕ್ಕೆ ತೆರೆಯುವ ಕಡೆ ಒಂದು ಸಂದು, ಮುಚ್ಚುವ ಕಡೆ ಒಂದು ಸಂದು. ಹದಿನಾರು ಜಾಗದಲ್ಲಿ ಫೀಲರ್ ಗೇಜ್ ತೂರಿಸಿ ಅಳೆಯಬೇಕು. ತಪ್ಪಿದಲ್ಲಿ ಬೇರೆ ದಪ್ಪದ ಶಿಮ್ ಕೂರಿಸಬೇಕು. ಅಲ್ಲಿಗೆ ಕೈ ಹೋಗಬೇಕಾದರೆ ಮೊದಲು ಫೇರಿಂಗ್, ಟ್ಯಾಂಕು, ಏರ್‌ಬಾಕ್ಸ್ ಬಿಚ್ಚಿ, ರೇಡಿಯೇಟರ್ ಸರಿಸಬೇಕು. ಜೊತೆಗೆ ಆ ಪೀಳಿಗೆಯ, ಸಿಲಿಂಡರಿಗೆ ನಾಲ್ಕು ವಾಲ್ವಿನ ಇಂಜಿನ್ನುಗಳಲ್ಲಿ ರಾಕರುಗಳ ಮೇಲಿನ ಕ್ರೋಮ್ ಲೇಪ ಹಕ್ಕಳೆಯಾಗಿ ಏಳುವ ಪ್ರಸಿದ್ಧ ರೋಗವೂ ಇದೆ. ಮುಚ್ಚಳ ತೆಗೆಯದೆ ಅದು ಕಾಣಿಸುವುದಿಲ್ಲ. ಮುಚ್ಚಳ ತೆಗೆದ ದಿನ ಮೆಕ್ಯಾನಿಕ್ ಹೇಳುವ ಮೊತ್ತ ಗಾಡಿಯ ಬೆಲೆಯ ಅರ್ಧಕ್ಕೆ ಹತ್ತಿರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಬೆಲ್ಟು. 1979ರ ಪಂಟಾದಿಂದ ಶುರುವಾಗಿ ದಶಕಗಳ ಕಾಲ ಡುಕಾಟಿ ಇಂಜಿನ್ನುಗಳಲ್ಲಿ ಕ್ಯಾಮನ್ನು ತಿರುಗಿಸಿದ್ದು ಹಲ್ಲಿನ ರಬ್ಬರ್ ಬೆಲ್ಟುಗಳು. ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ವಾಲ್ವು ಬಾಗುತ್ತದೆ. ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಈ ಗಾಡಿಗಳ ನೇಮ. ಬರೀ ನಿಂತ ಗಾಡಿಯ ಬೆಲ್ಟು ಪುಲ್ಲಿಯ ಸುತ್ತ ಬಾಗಿದ ಭಂಗಿಯಲ್ಲೇ ಒಣಗಿ ಗಟ್ಟಿಯಾಗುತ್ತದೆ. ಫೋರ್ಕಿನ ಸೀಲು ಒಣಗುತ್ತದೆ. ಕ್ಲಚ್ಚಿನ ಎಣ್ಣೆ ತೇವ ಹೀರುತ್ತದೆ. ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆಯುವ ‘ಓಡಿದ್ದೇ ಕಮ್ಮಿ’ ಎಂಬ ಗುಣವನ್ನು ಈ ಜಾತಿಯ ಗಾಡಿಯ ಮಟ್ಟಿಗೆ ನಾನು ದೋಷದ ಪಟ್ಟಿಗೆ ಸೇರಿಸಿದ್ದೇನೆ. ವರ್ಷಕ್ಕೆ ನಾಲ್ಕು ಸಾವಿರ ಮೈಲಿ ಓಡುತ್ತ, ಎರಡು ವರ್ಷಕ್ಕೊಮ್ಮೆ ಬೆಲ್ಟಿನ ರಸೀದಿ ಕೂಡಿಸಿಕೊಂಡ ಗಾಡಿಯ ಮುಂದೆ ದುಪ್ಪಟಿ ಹೊದ್ದು ಮಲಗಿದ ಗಾಡಿ ನಿಲ್ಲುವುದಿಲ್ಲ.

ನಾನು ಬೆಳೆದದ್ದು ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಪ್ಪ ತಮ್ಮ ಯೆಜ್ಡಿಯನ್ನು ಎಷ್ಟೋ ವರ್ಷ ಓಡಿಸಿದರು. ಒದೆಯುವ ಲಿವರೇ ಗೇರಿನ ಲಿವರೂ ಆದ ಆ ಗಾಡಿಯ ಪಾಯಿಂಟ್ ಉಜ್ಜುವುದು, ಕಾರ್ಬ್ಯುರೇಟರ್ ಬಿಚ್ಚಿ ಊದುವುದು, ಚೈನು ಬಿಗಿಮಾಡುವುದು, ಎಲ್ಲವೂ ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲಿ ನಡೆಯುತ್ತಿತ್ತು. ಸಂಬಳ ಸಣ್ಣದು, ಗಾಡಿ ಮಾತ್ರ ಒಂದು ದಿನವೂ ಕೈಕೊಡಲಿಲ್ಲ. ಬೈಕನ್ನು ಅಳೆಯಲು ನಾನು ಈಗಲೂ ಬಳಸುವುದು ಆ ಅಂಗಳದ ಅಳತೆಗೋಲನ್ನೇ: ಇದನ್ನು ನನ್ನ ಕೈಯಿಂದ ಬಿಚ್ಚಿ ಮತ್ತೆ ಕೂಡಿಸಬಲ್ಲೆನೆ?

ಆ ಗೋಲು ಹಿಡಿದಾಗ ಮೇಲೆ ಬರುವುದು 1991ರಿಂದ 1998ರವರೆಗೆ ತಯಾರಾದ ಕಾರ್ಬ್ಯುರೇಟರಿನ 900 ಎಸ್‌ಎಸ್. ಅದರ ಹಿಂದೆ ದೊಡ್ಡ ಹೆಸರಿದೆ. 1972ರಲ್ಲಿ ಪಾಲ್ ಸ್ಮಾರ್ಟ್ ಇಮೋಲಾದಲ್ಲಿ ಗೆದ್ದ ಡುಕಾಟಿ 750ರಿಂದ, 1978ರಲ್ಲಿ ಮೈಕ್ ಹೇಲ್‌ವುಡ್ ನಿವೃತ್ತಿ ಮುರಿದು ಬಂದು ಐಲ್ ಆಫ್ ಮ್ಯಾನ್‌ನಲ್ಲಿ ಗೆದ್ದ 900ರಿಂದ ಹರಿದು ಬಂದ ಹೆಸರು. ತೊಂಬತ್ತರ ದಶಕದ ಎಸ್‌ಎಸ್ ಮಾತ್ರ ವಿನಯದ ಗಾಡಿ. 904 ಸಿಸಿ, ಗಾಳಿಯಲ್ಲೇ ತಣಿಯುವ ಎರಡು ಸಿಲಿಂಡರು, ಎರಡು ಮಿಕುನಿ ಕಾರ್ಬ್ಯುರೇಟರು, ಸುಮಾರು 80 ಕುದುರೆಶಕ್ತಿ. ಅದೇ ಕಾಲದ ಜಪಾನಿ 600ಗಳು ನೂರರ ಹತ್ತಿರ ಇದ್ದವು. ನೇರ ರಸ್ತೆಯಲ್ಲಿ ಅವು ಇದನ್ನು ಹಿಂದೆ ಹಾಕುತ್ತವೆ.

ಆದರೆ ಇದಕ್ಕೆ ಸಿಲಿಂಡರಿಗೆ ಎರಡರಂತೆ ನಾಲ್ಕೇ ವಾಲ್ವು, ಎಂಟೇ ಸಂದು. ರೇಡಿಯೇಟರೇ ಇಲ್ಲ. ಟ್ಯಾಂಕನ್ನು ಕಾರಿನ ಬಾನೆಟ್ಟಿನಂತೆ ಎತ್ತಿ ನಿಲ್ಲಿಸಬಹುದು. ಬೆಲ್ಟಿನ ಮುಚ್ಚಳಗಳು ಕಣ್ಣೆದುರಿಗೇ ಇವೆ. ಬಿಗಿ ನೋಡಲು ದುಬಾರಿ ಉಪಕರಣ ಬೇಕಾಗಿಲ್ಲ; ಬೆಲ್ಟನ್ನು ತಂಬೂರಿಯ ತಂತಿಯಂತೆ ಮೀಟಿ, ಅದರ ಶ್ರುತಿಯನ್ನು ಫೋನಿನಲ್ಲಿ ಅಳೆದು ಸರಿಮಾಡುವವರು ಎಷ್ಟೋ ಜನ. ಎರಡು ರಜಾದಿನ, ಒಂದು ಕೈಪಿಡಿ, ಒಂದಿಷ್ಟು ತಾಳ್ಮೆ ಇದ್ದರೆ ಈ ಇಂಜಿನ್ನಿನ ದೊಡ್ಡ ಸರ್ವೀಸ್ ಮನೆಯಲ್ಲೇ ಮುಗಿಯುತ್ತದೆ. ಓಡಿಸುವಾಗಲೂ ಈ ಸರಳತೆ ಮೈಗೆ ತಾಗುತ್ತದೆ. ಮೂರೂವರೆ ಸಾವಿರ ಸುತ್ತಿನಿಂದಲೇ ಗಾಡಿ ಮೈದುಂಬಿ ಎಳೆಯುತ್ತದೆ. ಹಳ್ಳಿ ರಸ್ತೆಯ ತಿರುವುಗಳಲ್ಲಿ ಗೇರು ಬದಲಾಯಿಸುವ ಅವಸರವಿಲ್ಲ. ಅದೇ ರಸ್ತೆಯಲ್ಲಿ 748ಕ್ಕೆ ಇಂಜಿನ್ನನ್ನು ಕೂಗಾಡಿಸಬೇಕು, ಅಷ್ಟರಲ್ಲಿ ಮುಂಗೈ ಸೋತಿರುತ್ತದೆ.

ಇದರಲ್ಲೂ ಹುಳುಕಿದೆ. ಆ ಪೀಳಿಗೆಯ ಎಸ್‌ಎಸ್‌ಗಳ ಅಲ್ಯೂಮಿನಿಯಂ ಸ್ವಿಂಗ್‌ಆರ್ಮ್ ಹಿಂದಿನ ಚಕ್ರದ ಬಳಿ, ಬೆಸುಗೆ ಹಾಕಿದ ಜಾಗದಲ್ಲಿ ಬಿರುಕು ಬಿಡುವುದುಂಟು. ಟಾರ್ಚು ಹಿಡಿದು, ಮಣ್ಣು ಒರೆಸಿ ನೋಡಲೇಬೇಕು. ಮೊದಮೊದಲ ವರ್ಷಗಳ ಗಾಡಿಗಳಲ್ಲಿ ಸಿಲಿಂಡರ್ ಹಿಡಿದಿರುವ ಸ್ಟಡ್ಡುಗಳು ಮುರಿದದ್ದಿದೆ. ಇಂಗ್ಲೆಂಡಿನ ತೇವದ ಚಳಿಯಲ್ಲಿ ಕಾರ್ಬ್ಯುರೇಟರಿನೊಳಗೆ ಹಿಮ ಕಟ್ಟಿ ಇಂಜಿನ್ ತಡವರಿಸುತ್ತದೆ; ಇಂಜಿನ್ ಎಣ್ಣೆಯಿಂದಲೇ ಕಾರ್ಬ್ಯುರೇಟರನ್ನು ಬೆಚ್ಚಗಿಡುವ ಕೊಳವೆ ಹಾಕಿಸಿದ್ದಾರೆಯೇ ಎಂದು ಕೇಳಬೇಕು. ಸೈಡ್ ಸ್ಟ್ಯಾಂಡು ಭಾರ ಬಿಟ್ಟ ಕ್ಷಣ ತಾನೇ ಮಡಚಿಕೊಂಡು ಗಾಡಿಯನ್ನು ಮಲಗಿಸುತ್ತದೆ. ಕ್ಲಚ್ ಲಿವರ್ ಹಿಡಿದಾಗ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಕೇಳಿಸಿದರೆ ಹೊಸಬರು ಹೆದರುತ್ತಾರೆ. ಅದು ಒಣ ಕ್ಲಚ್ಚಿನ ಸಹಜ ದನಿ, ಅದಕ್ಕಾಗಿ ಗಾಡಿ ಬಿಡಬೇಕಾಗಿಲ್ಲ.

ಸ್ಪ್ಯಾನರ್ ಮುಟ್ಟಲು ಮನಸ್ಸಿಲ್ಲದವರಿಗೆ, ಅಥವಾ ನಿಜವಾಗಿಯೂ ವೇಗ ಬೇಕೆನ್ನುವವರಿಗೆ ನಾನು ತೋರಿಸುವುದು ಅಪ್ರಿಲಿಯಾದ ಆರ್‌ಎಸ್‌ವಿ ಮಿಲ್ಲೆ. ವೆನಿಸ್ ಹತ್ತಿರದ ನೊಆಲೆ ಊರಿನ ಈ ಗಾಡಿ 1998ರಲ್ಲಿ ಬಂತು. 998 ಸಿಸಿಯ ವಿ ಇಂಜಿನ್ ಆಸ್ಟ್ರಿಯಾದ ರೋಟಾಕ್ಸ್ ಮಾಡಿದ್ದು. ಅದರಲ್ಲಿ ರಬ್ಬರ್ ಬೆಲ್ಟಿಲ್ಲ, ಕ್ಯಾಮನ್ನು ತಿರುಗಿಸುವುದು ಚೈನು ಮತ್ತು ಗೇರು. ವಾಲ್ವಿಗೆ ಸಾಧಾರಣ ಸ್ಪ್ರಿಂಗ್. ಇಂಜಿನ್ ಪರದೇಶದ್ದು, ಇದು ಅಸಲಿ ಇಟಲಿಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆ ದಪ್ಪ ಅಲ್ಯೂಮಿನಿಯಂ ಚೌಕಟ್ಟು ತಿರುವಿನಲ್ಲಿ ಕೊಡುವ ಭರವಸೆಯನ್ನು ಒಮ್ಮೆ ಅನುಭವಿಸಿದವರು ಹಾಗೆ ಹೇಳಲಾರರು. ಮುಖ ಮಾತ್ರ ಭಾರವಾದದ್ದು, ಮೂರು ಭಾಗದ ದೀಪದ ಆ ಮೂತಿಯಲ್ಲಿ ತಂಬುರಿನಿಯ ನಯವಿಲ್ಲ. ಆ ಕಾರಣಕ್ಕೇ ಹಳೆಯ ಮಿಲ್ಲೆ 916ರ ಕುಟುಂಬದ ಡುಕಾಟಿ 996ಕ್ಕಿಂತ ಕಡಿಮೆಗೆ ಸಿಗುತ್ತದೆ. ನೋಡಬೇಕಾದ್ದು ಸ್ಟಾರ್ಟ್ ಆಗುವ ರೀತಿ: ಬ್ಯಾಟರಿ ಸ್ವಲ್ಪ ಸೋತರೂ ಆ ದೊಡ್ಡ ಇಂಜಿನ್ ಏದುಸಿರು ಬಿಡುತ್ತದೆ. ದಪ್ಪ ಕೇಬಲ್ ಹಾಕಿಸಿದ ಗಾಡಿ ಸಿಕ್ಕರೆ ಹಿಂದಿನವರಿಗೆ ವಿಷಯ ಗೊತ್ತಿತ್ತು ಎಂದರ್ಥ.

ಡುಕಾಟಿಯ 999 ಮತ್ತು 749ಕ್ಕೂ ಮುಖವೇ ಶತ್ರುವಾಯಿತು. 2003ರಲ್ಲಿ ಪಿಯರ್ ಟೆರ್‌ಬ್ಲಾಂಚ್‌ನ ಆ ವಿನ್ಯಾಸವನ್ನು 916ರ ಭಕ್ತರು ಕ್ಷಮಿಸಲಿಲ್ಲ. ಆದರೆ ಅದೇ 999 ಮೇಲೆ 2003, 2004, 2006ರಲ್ಲಿ ಮೂವರು ಬೇರೆಬೇರೆ ಸವಾರರು ವಿಶ್ವ ಪಟ್ಟ ಗೆದ್ದರು, ಸವಾರನಿಗೆ ಅದು 916ಕ್ಕಿಂತ ಕರುಣೆಯ ಗಾಡಿಯೂ ಹೌದು. ಆ ತಿರಸ್ಕಾರ ಅನ್ಯಾಯವೆಂದೇ ನನ್ನ ಎಣಿಕೆ. ಆದರೂ ಎಂಟು ವಾಲ್ವು ಎಂಟೇ. ಮೋಟೊ ಗುಜ್ಜಿಯ ವಿ11 ಸ್ಪೋರ್ಟ್‌ನಲ್ಲಿ ಸಿಲಿಂಡರುಗಳು ಎರಡೂ ಬದಿಗೆ ಚಾಚಿಕೊಂಡಿದ್ದು ವಾಲ್ವ್ ಹೊಂದಿಸುವುದು ಅರ್ಧ ಗಂಟೆಯ ಕೆಲಸ, ಚೈನಿನ ಗೊಡವೆಯೂ ಇಲ್ಲ. ತೂಕದಿಂದಾಗಿ ಅದನ್ನು ದೂರದ ಪಯಣದ ಗಾಡಿ ಎನ್ನುವುದೇ ಸರಿ. ಎಂವಿ ಅಗಸ್ಟಾ ಎಫ್4 ಬಗ್ಗೆ ಇಷ್ಟೇ: ಈ ಮೊತ್ತ ಹಿಡಿದುಕೊಂಡು ಅದರ ಹತ್ತಿರ ಹೋಗಬಾರದು.

ಬ್ರಿಟನ್ನಿನಲ್ಲಿ ಕೊಳ್ಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ಮೂರು ವರ್ಷ ತುಂಬಿದ ಗಾಡಿ ಪ್ರತಿವರ್ಷ ಎಂಒಟಿ ತಪಾಸಣೆಗೆ ಹೋಗಬೇಕು. ನಂಬರ್ ಪ್ಲೇಟು ಗೊತ್ತಿದ್ದರೆ 2005ರಿಂದೀಚಿನ ಫಲಿತಾಂಶವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಯಾವ ವರ್ಷ ಎಷ್ಟು ಮೈಲಿ, ಯಾವುದರಲ್ಲಿ ಫೇಲಾಯಿತು, ಎಷ್ಟು ವರ್ಷ ತಪಾಸಣೆಗೇ ಬರದೆ ಮಲಗಿತ್ತು, ಎಲ್ಲವೂ ಅಲ್ಲಿ ಸಿಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 1409 ಎಂದಿದ್ದರೆ 2009ರ ಹದಿನಾಲ್ಕನೇ ವಾರದ ಟೈರು. ಇಂಜಿನ್ನಿನ ಎಡಬದಿಯಲ್ಲಿ, ಕ್ಲಚ್ ಸ್ಲೇವ್ ಸಿಲಿಂಡರಿನ ಕೆಳಗೆ ಬೆರಳಾಡಿಸಿದರೆ ಸೋರಿಕೆ ತಿಳಿಯುತ್ತದೆ. ಮಲ್ಟಿಮೀಟರ್ ಒಯ್ದು, ಇಂಜಿನ್ ಓಡುವಾಗ ಬ್ಯಾಟರಿಯ ವೋಲ್ಟು ನೋಡಬೇಕು. ಸುಮಾರು ಹದಿನಾಲ್ಕಕ್ಕೆ ಏರದಿದ್ದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಬೇಕು. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡುವುದನ್ನು ನಾನು ಮರೆಯುವುದಿಲ್ಲ. ಬೆಚ್ಚಗಿದ್ದರೆ ನಾನು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಅಂದರೆ ತಣ್ಣಗಿದ್ದಾಗಿನ ವರ್ತನೆಯನ್ನು ಯಾರೋ ಮುಚ್ಚಿಡುತ್ತಿದ್ದಾರೆ. ಇರುವ ಹಣದಲ್ಲಿ ಮೂರನೆಯ ಒಂದು ಪಾಲನ್ನು ಗಾಡಿ ಮನೆಗೆ ಬಂದ ಮೇಲಿನ ಖರ್ಚಿಗೆಂದು ತೆಗೆದಿಡಬೇಕು. ಹಾಗಾಗಿ ನನ್ನ ಮೂರೂವರೆ ಸಾವಿರದಲ್ಲಿ ಗಾಡಿಗೆಂದು ಉಳಿದದ್ದು ಎರಡು ಸಾವಿರದ ಮುನ್ನೂರು ಚಿಲ್ಲರೆ. ಹಳದಿ 748 ಆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಎರಡು ತಿಂಗಳ ನಂತರ ವೇಲ್ಸ್ ಗಡಿಯ ಒಂದು ಸಣ್ಣ ಊರಿನಲ್ಲಿ ಕೆಂಪು 900 ಎಸ್‌ಎಸ್ ನೋಡಿದೆ. ನಲವತ್ತೊಂದು ಸಾವಿರ ಮೈಲಿ ಓಡಿತ್ತು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಫೇರಿಂಗಿನ ಮೂಲೆಯಲ್ಲಿ ಗೀರಿತ್ತು. ಮೈಲಿ ಹೆಚ್ಚೆಂದು ಬಂದವರೆಲ್ಲ ನೋಡಿ ಹಾಗೇ ಹೋದರು ಎಂದು ಅದರ ಒಡೆಯರು ಸಂಕೋಚದಿಂದ ಹೇಳಿದರು. ನಿವೃತ್ತ ಶಾಲಾ ಮೇಷ್ಟ್ರು, ಮಂಡಿನೋವು, ಇನ್ನು ಬಾಗಿ ಕೂರಲಾಗುವುದಿಲ್ಲ. ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಸ್ವಿಂಗ್‌ಆರ್ಮಿನ ಬೆಸುಗೆ ಶುಭ್ರವಾಗಿತ್ತು. ರಸೀದಿಗಳಿವೆಯೇ ಎಂದು ಕೇಳಿದಾಗ ಒಳಗೆ ಹೋಗಿ ಒಂದು ಬಿಸ್ಕೆಟ್ ಡಬ್ಬಿ ತಂದರು. ರಸೀದಿಗಳ ಕೆಳಗೆ, ಎಣ್ಣೆ ಸವರಿದ ಕಾಗದದಲ್ಲಿ ಒಂದೊಂದಾಗಿ ಸುತ್ತಿಟ್ಟ ಶಿಮ್ಮುಗಳಿದ್ದವು. ಪ್ರತಿ ಕಾಗದದ ಮೇಲೂ ಪೆನ್ಸಿಲಿನಲ್ಲಿ ದಪ್ಪದ ಅಳತೆ, ಯಾವ ಸಿಲಿಂಡರಿನದು, ತೆರೆಯುವ ಕಡೆಯದೋ ಮುಚ್ಚುವ ಕಡೆಯದೋ, ತೆಗೆದ ತಾರೀಖು. ತೀರ ಹಳೆಯದು 1997ರದ್ದು. ಡಬ್ಬಿಯೂ ಗಾಡಿಯ ಜೊತೆಗೇ ಬರುತ್ತದೆ ಎಂದು ಹೇಳಿ, ಚಹಾಕ್ಕೆ ನೀರಿಡಲು ಒಳಗೆ ಹೋದರು. ನಾನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆ ಚೀಟಿಗಳನ್ನು ಒಂದೊಂದೇ ಓದುತ್ತ ಕೂತೆ.