ಗಂಟೆ ನೋಡಿ ಗಂಟು ಬಿಚ್ಚಿ

ಈ ವಾರ ರಾಗಿ ಹುರಿಹಿಟ್ಟಿನ ಎರಡನೆಯ ಕಂತು ಬರಬೇಕಿತ್ತು. ಬರೆಯಲು ಕೂತಾಗ ಸಾಲಿಗ್ರಾಮದ ತಾಯಿಯೊಬ್ಬರ ಪತ್ರ ಬಂತು. ಹುರಿಹಿಟ್ಟು ಡಬ್ಬಿಯಲ್ಲಿ ಇನ್ನೊಂದು ವಾರ ಕೆಡದೆ ಇರುತ್ತದೆ, ಅವರ ಪ್ರಯಾಣ ಕಾಯುವುದಿಲ್ಲ. ಜೈನ ಕುಟುಂಬ. ಐದು ವರ್ಷದ ಮಗಳು, ಮೂರು ತುಂಬದ ಮಗ, ಜೊತೆಗೆ ಅತ್ತೆ, ಮಾವ. ಜನವರಿ ಕೊನೆಯಲ್ಲಿ ಕಾರಿನಲ್ಲಿ ಹೊರಟು ನಮ್ಮ ಕಂಪಲಾಪುರದ ಮೇಲೆ ಹಾದು, ಮಡಿಕೇರಿ ದಾಟಿ ಸಂಪಾಜೆ ಘಟ್ಟ ಇಳಿದು, ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳ, ಆಗುಂಬೆ ಹತ್ತಿ ಹುಂಚ, ಕೊನೆಗೆ ಶ್ರವಣಬೆಳಗೊಳ. ಅತ್ತೆ ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟುವುದಿಲ್ಲ. ಮನೆಯೊಳಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿಶುಂಠಿ, ಯಾವ ಗೆಡ್ಡೆಯೂ ಬರುವುದಿಲ್ಲ. ‘ದಾರಿಯಲ್ಲಿ ನಮಗಾಗುವ ಹೋಟೆಲ್‌ಗಳ ಒಂದು ಪಟ್ಟಿ ಕೊಡಿ ಸಾರ್’ ಎಂದು ಕೇಳಿದ್ದಾರೆ.

ಪಟ್ಟಿ ಕೊಡುವುದಿಲ್ಲ ತಾಯಿ. ಯಾಕೆ ಎಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು.

ಮೊಬೈಲ್‌ನಲ್ಲಿ ನಕ್ಷತ್ರ ಎಣಿಸಿ ಊಟಕ್ಕೆ ಕಾರು ನಿಲ್ಲಿಸುವ ಪಂಥದವರಿಗೂ ನನಗೂ ಹಳೆಯ ವ್ಯಾಜ್ಯ. ಬುತ್ತಿ ಕಟ್ಟುವುದು ಕೆಂಪು ಬಸ್ಸಿನ ಕಾಲದ ಮಾತು, ಈಗ ಎಲ್ಲ ಕಡೆ ಎಲ್ಲ ಸಿಗುತ್ತದೆ ಎಂಬುದು ಅವರ ವಾದ. ಸಿಗುತ್ತದೆ, ನಿಜ. ‘ಜೈನ್ ಊಟ ಲಭ್ಯ’ ಎಂಬ ಬೋರ್ಡೂ ಹೆದ್ದಾರಿಯಲ್ಲಿ ಸಿಗುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ಈರುಳ್ಳಿ ಸೇರಿಸಿ ರುಬ್ಬಿಟ್ಟ ಮಸಾಲೆಯಿಂದ ಮಧ್ಯಾಹ್ನ ಒಂದಕ್ಕೆ ಈರುಳ್ಳಿ ತೆಗೆಯುವ ಭಟ್ಟರು ಇನ್ನೂ ಹುಟ್ಟಿಲ್ಲ. ‘ಈರುಳ್ಳಿ ಹಾಕಲ್ಲ ಸಾರ್’ ಎಂದು ಮಾಣಿ ಹೇಳಿದರೆ, ಮೇಲೆ ಹೆಚ್ಚಿ ಉದುರಿಸುವುದಿಲ್ಲ ಎಂದಷ್ಟೇ ತಿಳಿಯಬೇಕು. ದೋಸೆಗೆ ಆಲೂಗಡ್ಡೆ ಪಲ್ಯ, ಸಾಂಬಾರಿಗೆ ಈರುಳ್ಳಿ, ಮೊಸರನ್ನಕ್ಕೂ ಹಸಿಶುಂಠಿ. ದಾರಿಯಲ್ಲಿ ಕಣ್ಣು ಮುಚ್ಚಿ ಕೊಳ್ಳಬಹುದಾದದ್ದು ಬಾಳೆಹಣ್ಣು, ಎಳನೀರು, ಬಿಸಿ ಹಾಲು. ಇಷ್ಟಕ್ಕೆ ನಕ್ಷತ್ರ ಬೇಕಿಲ್ಲ.

ಪೊಟ್ಟಣದ ತಿಂಡಿಯ ಕತೆಯೂ ಅಷ್ಟೇ. ಹಸಿರು ಚುಕ್ಕೆ ನೋಡಿ ಸಮಾಧಾನಪಡುವ ಹಾಗಿಲ್ಲ. ಆಲೂ ಚಿಪ್ಸ್ ಮೇಲೂ ಅದೇ ಹಸಿರು ಚುಕ್ಕೆ ಇರುತ್ತದೆ. ಈ ವಿಷಯದಲ್ಲಿ ಯೆಹೂದಿಗಳು ಜಾಣರು. ಅವರ ಕೋಷರ್ ನಿಯಮದಲ್ಲಿ ಹಂದಿ ಇಲ್ಲ, ರೆಕ್ಕೆ ಮತ್ತು ಪೊರೆ ಎರಡೂ ಇರುವ ಮೀನು ಮಾತ್ರ ಸರಿ, ಮಾಂಸಕ್ಕೂ ಹಾಲಿಗೂ ಪಾತ್ರೆಯೇ ಬೇರೆ. ನಮ್ಮ ಅಜ್ಜಿಯರು ಮಡಿ ಪಾತ್ರೆ ಬೇರೆ ಇಡುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ನ್ಯೂಯಾರ್ಕಿನ ಆರ್ಥೊಡಾಕ್ಸ್ ಯೂನಿಯನ್ ಹೈನ್ಜ್ ಕಂಪನಿಯ ಬೀನ್ಸ್ ಡಬ್ಬಿಗೆ ತನ್ನ ಮುದ್ರೆ ಕೊಟ್ಟಿತು: ಒಂದು ವೃತ್ತ, ಒಳಗೆ ‘ಯು’ ಅಕ್ಷರ. ಇವತ್ತಿಗೂ ಅಮೆರಿಕದ ಯೆಹೂದಿ ತಾಯಿ ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ದೂರ ಹೊರಟರೆ, ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಆ ವೃತ್ತ ಹುಡುಕಿ ಬಿಸ್ಕತ್ತು ಕೊಡಿಸುತ್ತಾಳೆ. ನಮ್ಮ ಹಸಿರು ಚುಕ್ಕೆ ಮಾಂಸ ಇಲ್ಲ ಎಂದು ಹೇಳಿ ಸುಮ್ಮನಾಗುತ್ತದೆ. ಗೆಡ್ಡೆಯ ವಿಚಾರಕ್ಕೆ ಹಿಂಬದಿಯ ಸಣ್ಣ ಅಕ್ಷರಕ್ಕೆ ಕನ್ನಡಕ ಹಾಕಬೇಕು.

ಇಷ್ಟಾದರೂ, ನಿಯಮದವರ ಪ್ರಯಾಣ ಕಷ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಳೆ ಮಕ್ಕಳಿರುವ ಕಾರಿಗೆ ಹೊತ್ತಿನ ನಿಯಮದಷ್ಟು ಒಳ್ಳೆಯ ಡ್ರೈವರ್ ಇನ್ನೊಬ್ಬನಿಲ್ಲ. ಜನವರಿ ಕೊನೆಗೆ ನಮ್ಮ ಕಡೆ ಸೂರ್ಯ ಮುಳುಗುವುದು ಆರೂಕಾಲು, ಆರೂವರೆಯ ನಡುವೆ. ಕಟ್ಟುನಿಟ್ಟಿನವರು ಅದಕ್ಕೂ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಕೈ ತೊಳೆಯುತ್ತಾರೆ. ಹಾಗಾದರೆ ಐದೂವರೆಗೆ ಊಟ ಮುಗಿಯಬೇಕು, ನಾಲ್ಕೂವರೆಗೆ ಕಾರು ನಿಂತಿರಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ, ದಿನದ ದಾರಿ ತಾನೇ ಗೊತ್ತಾಗುತ್ತದೆ. ಕತ್ತಲಲ್ಲಿ ಸಂಪಾಜೆ ಇಳಿಯುವ ಪ್ರಮೇಯವಿಲ್ಲ, ಆಗುಂಬೆಯ 14 ತಿರುವುಗಳನ್ನು ಲಾರಿ ದೀಪದ ಎದುರು ಹತ್ತುವ ಪ್ರಮೇಯವೂ ಇಲ್ಲ. ನಕ್ಷತ್ರ ಪಂಥದವರು ರಾತ್ರಿ ಒಂಬತ್ತಕ್ಕೆ ನಿದ್ದೆಗಣ್ಣಿನ ಕೂಸನ್ನು ಎಬ್ಬಿಸಿ ‘ಗೋಬಿ ತಿನ್ನು ಪುಟ್ಟಾ’ ಎನ್ನುತ್ತಿರುವಾಗ ನಿಮ್ಮ ಮಕ್ಕಳು ಮಲಗಿ ಒಂದು ಗಂಟೆಯಾಗಿರುತ್ತದೆ.

ಹಿಟ್ಟಿನ ಲೆಕ್ಕ ಇನ್ನೂ ಸೊಗಸು. ದಿಗಂಬರ ಸಂಪ್ರದಾಯದಲ್ಲಿ ಬೀಸಿದ ಹಿಟ್ಟಿಗೆ ಇಷ್ಟು ದಿನ ಎಂಬ ಮರ್ಯಾದೆ ಉಂಟು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಅದು ಮೀರಿದರೆ ಮುಟ್ಟುವುದಿಲ್ಲ. ಹಿಟ್ಟಿಗೆ ತೇವ ಹಿಡಿದು ಹುಳ ಕಾಣಿಸುವ ಮೊದಲೇ ಗಡಿ ಹಾಕಿದ್ದಾರೆ. ಅಡುಗೆಮನೆ ಸಾಮಾನಿಗೆ ಋತು ನೋಡಿ ತಾರೀಖು ಬರೆದ ಜನ. ನಮ್ಮ ಸೀಮೆಯಲ್ಲಿ ಯಾತ್ರೆಗೆ ಹೊರಡುವುದೂ ಈ ಏಳು ದಿನದ ಕಾಲದಲ್ಲೇ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಬಿಕರಿಯಾಗಿ ದುಡ್ಡು ಕೈ ಸೇರಿದ ಮೇಲಲ್ಲವೇ ಮನೆಮಂದಿಗೆ ಧರ್ಮಸ್ಥಳ ನೆನಪಾಗುವುದು!

ಮಾಡಿದ ಅನ್ನ ಮರುದಿನಕ್ಕಾಗದು. ಆದ್ದರಿಂದ ಮೊದಲ ಮಧ್ಯಾಹ್ನಕ್ಕೆ ಮಾತ್ರ ಪುಳಿಯೋಗರೆ ಕಟ್ಟಿ. ಮಿಕ್ಕ ದಿನಕ್ಕೆ ಅಕ್ಕಿ, ಹೆಸರುಬೇಳೆ, ತುಪ್ಪ, ಮೆಣಸು, ಜೀರಿಗೆ, ಒಂದು ಸಣ್ಣ ಕುಕ್ಕರ್, ಒಂದು ಇಂಡಕ್ಷನ್ ಒಲೆ. ಪೊಂಗಲ್ ಆಗಲು ಅರ್ಧ ಗಂಟೆ ಸಾಕು. ಶುಂಠಿ ಇಲ್ಲದ ಪೊಂಗಲ್ಲೇ ಮಕ್ಕಳಿಗೆ ಇಷ್ಟ ಎಂಬುದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಲಿ. ಘಟ್ಟದ ತಿರುವಿನಲ್ಲಿ ವಾಂತಿ ಬಂದರೆ ಶುಂಠಿ ಬೇಡವೇ ಎನ್ನಬೇಡಿ: ಹಸಿಶುಂಠಿ ಸಲ್ಲದ ಎಷ್ಟೋ ಮನೆಗಳಲ್ಲಿ ಒಣಶುಂಠಿ ಸಲ್ಲುತ್ತದೆ. ಅತ್ತೆಯವರನ್ನು ಕೇಳಿ ಒಣಶುಂಠಿ ಪುಡಿ ಬೆಲ್ಲದಲ್ಲಿ ಉಂಡೆ ಕಟ್ಟಿಕೊಳ್ಳಿ, ಕುಶಾಲನಗರ ದಾಟಿದ ಕೂಡಲೇ ಬಾಯಿಗೆ ಹಾಕಿ.

ಬಾಳೆಕಾಯಿ ವಿಷಯಕ್ಕೆ ಬರುವ ಮೊದಲು ನಮ್ಮ ಸೀಮೆಯ ಒಬ್ಬ ಹಳೆಯ ಅಡುಗೆ ಕವಿಯ ಮಾತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಎಂದರೆ ಎಲ್ಲರಿಗೂ ದೇವರಾಜ ಅರಸು ನೆನಪಾಗುತ್ತಾರೆ. ನನಗೆ ಅದಕ್ಕಿಂತ ಮೊದಲು ನೆನಪಾಗುವವನು ಮೂರನೆಯ ಮಂಗರಸ. 16ನೇ ಶತಮಾನದ ಆರಂಭದಲ್ಲಿ, ಚೆಂಗಾಳ್ವರ ಆಶ್ರಯದಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಜೈನ. ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’ ಬರೆದ ಕೈಯಲ್ಲೇ ‘ಸೂಪಶಾಸ್ತ್ರ’ ಎಂಬ ಪೂರ್ತಿ ಸಸ್ಯಾಹಾರದ ಅಡುಗೆ ಪುಸ್ತಕವನ್ನೂ ಷಟ್ಪದಿಯಲ್ಲಿ ಬರೆದ. ಹಿಟ್ಟಿನ ಭಕ್ಷ್ಯಗಳಿಗೆ ಒಂದು ಅಧ್ಯಾಯ, ಪಾನಕಗಳಿಗೆ ಒಂದು, ಅನ್ನದ ಬಗೆಗಳಿಗೆ ಇನ್ನೊಂದು. ಬದನೆಕಾಯಿಯ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ, ಬಾಳೆ, ಹಲಸನ್ನೂ ಬಿಟ್ಟಿಲ್ಲ. ಕಾವ್ಯದ ಲಯದಲ್ಲಿ ಬದನೆಕಾಯಿ ಬೇಯಿಸಿದ ಪ್ರಭುವಿನ ಊರಿಗೆ ಇಷ್ಟು ಹತ್ತಿರ ಇದ್ದುಕೊಂಡು ನಾವು ಗೋಬಿ ಮಂಚೂರಿಗೆ ಸಾಲು ನಿಲ್ಲುತ್ತೇವೆ. ‘ಇದು ಬಿಟ್ಟರೆ ತಿನ್ನುವುದಾದರೂ ಏನು’ ಎಂದು ಜೈನ ಮನೆಯವರನ್ನು ಕನಿಕರದಿಂದ ಕೇಳುವವರಿಗೆ ನಾನು ಕೊಡುವ ಉತ್ತರ ಆ ಒಂದು ಪುಸ್ತಕ. ಹುಣಸೂರಿನಲ್ಲಿ ಅವನ ಹೆಸರಿನ ಒಂದು ಖಾನಾವಳಿಯಾದರೂ ಇರಬೇಕಿತ್ತು.

ಆದ್ದರಿಂದ ಮಗಳು ಆಲೂ ಚಿಪ್ಸಿಗೆ ಹಟ ಹಿಡಿದಾಗ ಬೈಯಬೇಡಿ. ಮಡಿಕೇರಿಯಿಂದ ಸುಳ್ಯದವರೆಗೆ ಅಂಗಡಿಗಳಲ್ಲಿ ತೂಕ ಮಾಡಿ ಕೊಡುವ ನೇಂದ್ರಬಾಳೆಕಾಯಿ ಚಿಪ್ಸ್ ಇದೆ. ಏನೂ ಬೆರೆಸದ ಉಪ್ಪಿನದ್ದನ್ನೇ ಕೇಳಿ. ಅದೇ ಎಣ್ಣೆಯಲ್ಲಿ ಬೇರೇನಾದರೂ ಕರಿದಿದ್ದಾರೆಯೇ ಎಂದೂ ಕೇಳಿ. ಅವಳಿಗೆ ಬೇಸರವಾಗದಿರಲು ಇನ್ನೊಂದು ಆಟ: ಬಾಹುಬಲಿಗಳ ಎತ್ತರ ಬರೆದಿಡುವುದು. ಧರ್ಮಸ್ಥಳ 39 ಅಡಿ, ವೇಣೂರು 35, ಕಾರ್ಕಳ 42, ಶ್ರವಣಬೆಳಗೊಳ 58. ಊರಿಗೆ ಬಂದ ಮೇಲೆ ಒಂದು ಭಾನುವಾರ ಬಿಳಿಕೆರೆ ಬಳಿಯ ನಮ್ಮ ಗೊಮ್ಮಟಗಿರಿಗೂ ಕರೆದೊಯ್ದರೆ ಐದಾಯಿತು.

ತಂಗಲು ಆದಷ್ಟೂ ಜೈನ ಮಠಗಳಿರುವ ಊರನ್ನೇ ಹಿಡಿಯಿರಿ: ಮೂಡುಬಿದಿರೆ, ಕಾರ್ಕಳ, ಹುಂಚ, ಶ್ರವಣಬೆಳಗೊಳ. ಹಿಂದಿನ ದಿನವೇ ಫೋನ್ ಮಾಡಿ. ರೂಮು ಇದೆಯೇ ಎಂದು ಕೇಳುವ ಮೊದಲು ಸಂಜೆ ಎಷ್ಟು ಹೊತ್ತಿಗೆ ಬಡಿಸುತ್ತಾರೆ ಎಂದು ಕೇಳಿ. ಶ್ರವಣಬೆಳಗೊಳ ಮುಟ್ಟುವ ಹೊತ್ತಿಗೆ ನಿಮ್ಮ ಹಿಟ್ಟಿನ ಏಳು ದಿನವೂ ಮುಗಿಯುತ್ತ ಬಂದಿರುತ್ತದೆ, ಚೀಲ ಹಗುರ. ದೊಡ್ಡಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಬಂಡೆ ಕಾಯುವ ಮೊದಲೇ, ಬೆಳಿಗ್ಗೆ ಹತ್ತಿಬಿಡಿ. ಮಗನನ್ನು ಯಾವ ಮೆಟ್ಟಿಲಿನವರೆಗೆ ಯಾರು ಹೊರುವುದು ಎಂಬುದನ್ನು ಮಾತ್ರ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ಏಳು ದಿನ ಊಟದ ವಿಷಯಕ್ಕೆ ಬಾರದ ಜಗಳ ಗಂಡಹೆಂಡಿರಿಗೆ ಅಲ್ಲಿ ಬರುತ್ತದೆ.